ತೀರ್ಥಹಳ್ಳಿ ಹಿಡಿಸದ ಇಪ್ಪತ್ತು ಗುಳಿ

ಆಷಾಢದಲ್ಲಿ ಮಳೆ ಒಂದು ಹೊತ್ತು ಹೊಳವಾಯಿತೆಂದರೆ ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಔಷಧಿ ಹೊಡೆಯುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದರೆ ತಿಳಿನೀಲಿ ಬಣ್ಣದ ಬೋರ್ಡೋ ದ್ರಾವಣ. ನಮ್ಮ ಮನೆಗೆ ಬರುವ ಕೊನೆಗಾರ ಅದನ್ನು ಹಾಗೇ ಪಂಪಿಗೆ ಏರಿಸಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಸೊಂಟದ ಕತ್ತಿ ತೆಗೆಯುತ್ತಾನೆ. ಕಲ್ಲಿಗೆ ತಿಕ್ಕಿ ಅಲಗಿಗೆ ಹೊಳಪು ಬರಿಸುತ್ತಾನೆ. ಡ್ರಮ್ಮಿನೊಳಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನೊಂದು ಚೊಂಬು ಸುಣ್ಣದ ನೀರು ಬೀಳಬೇಕು. ಅಲಗು ಬೆಳ್ಳಗೇ ಉಳಿದರೆ ಮಾತ್ರ ಬಟ್ಟೆಯಲ್ಲಿ ಸೋಸಿ ಪಂಪಿಗೆ. ಕೆಂಪು ಕಂಡರೂ ಕಾಣದವರಂತೆ ಹೊಡೆದರೆ ಎಳೆಗಾಯಿ ಸುಟ್ಟು ಉದುರುತ್ತದೆ. ಕೊಳೆರೋಗಕ್ಕೆ ಹೆದರಿ ಹೊಡೆದ ಔಷಧಿ ಕೊಳೆಗಿಂತ ಮೊದಲೇ ಫಸಲು ತೆಗೆದುಬಿಡುತ್ತದೆ.

ಸಾಗರದ ಎಲ್‌ಬಿ ಕಾಲೇಜಿನಲ್ಲೋ, ತೀರ್ಥಹಳ್ಳಿಯ ತುಂಗಾ ಕಾಲೇಜಿನಲ್ಲೋ, ಹೊಸನಗರದಿಂದ ಬಸ್ಸು ಹತ್ತಿ ಶಿವಮೊಗ್ಗದ ಯಾವುದೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರೇ, ಆ ಕತ್ತಿಯ ಅಲಗನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ. ಒಳಗೆ ಬರುವುದನ್ನು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸುವ ಈ ಒಂದು ಕೆಲಸ, ಇವತ್ತು ಜಗತ್ತೇ ಒರಗಿಕೊಂಡಿರುವ ಮಶೀನ್ ಲರ್ನಿಂಗ್ ಲೈಬ್ರರಿಗಳಲ್ಲಿ ಸಾವಿರ ಕಡೆ ಬಿಟ್ಟುಹೋಗಿದೆ. ಅದನ್ನು ಮಾಡಲು ಜನ ಬೇಕು. ನೀವು ಬೇಕು.

ಗೂಗಲ್ ಟೆನ್ಸರ್‌ಫ್ಲೋ ಎಂಬ ಲೈಬ್ರರಿಯನ್ನು 2015ರ ನವೆಂಬರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅಡಿಕೆ ಸೋಗೆಯ ಫೋಟೋ ತೆಗೆದರೆ ಎಲೆಚುಕ್ಕೆ ರೋಗವೋ ಅಲ್ಲವೋ ಹೇಳುವ ಆ್ಯಪ್ ಮಾಡಬೇಕೆಂದು ನಿಮ್ಮಲ್ಲಿ ಹಲವರು ಪ್ರಾಜೆಕ್ಟ್‌ಗೆ ಆರಿಸಿಕೊಳ್ಳುತ್ತೀರಲ್ಲ, ಅದರ ಹೊಟ್ಟೆಯಲ್ಲಿ ಇರುವುದು ಬಹುಮಟ್ಟಿಗೆ ಇದೇ ಅಥವಾ ಪೈಟಾರ್ಚ್. ಮೇಲೆ ನೀವು ಬರೆಯುವುದು ಹತ್ತು ಸಾಲು ಪೈಥಾನ್. ಕೆಳಗೆ ನಿಜವಾಗಿ ದುಡಿಯುವುದು ಸಿ++ನಲ್ಲಿ ಬರೆದ ಲಕ್ಷಾಂತರ ಸಾಲು. ನೀವು ತಪ್ಪು ಮಾಡಿದರೆ ಪೈಥಾನ್ ಎಚ್ಚರಿಸುತ್ತದೆ, ಬೈದು ನಿಲ್ಲಿಸುತ್ತದೆ. ಸಿ++ ಹಾಗಲ್ಲ, ಕೊಟ್ಟ ಮಾತನ್ನು ನಂಬುತ್ತದೆ. ‘ಈ ಪಟ್ಟಿಯಲ್ಲಿ ನೂರು ಸಂಖ್ಯೆ ಇದೆ’ ಎಂದು ಹೇಳಿ ಹತ್ತೇ ಕೊಟ್ಟರೆ, ಹನ್ನೊಂದನೆಯದನ್ನು ಪಕ್ಕದ ಜಾಗದಿಂದ ಓದಿಕೊಂಡು ಮುಂದೆ ಹೋಗುತ್ತದೆ. ಆ ಪಕ್ಕದ ಜಾಗದಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು.

2021ರ ಒಂದೇ ವರ್ಷದಲ್ಲಿ ಟೆನ್ಸರ್‌ಫ್ಲೋದಲ್ಲಿ ನೂರಕ್ಕೂ ಹೆಚ್ಚು ಭದ್ರತಾ ದೋಷಗಳಿಗೆ ಸಿವಿಇ ಸಂಖ್ಯೆ ಬಿತ್ತು. ಅಂದರೆ ಜಗತ್ತಿನ ದೋಷಗಳ ಕಡತದಲ್ಲಿ ಒಂದೊಂದಕ್ಕೂ ಒಂದು ನಂಬರು. ಅವುಗಳ ವಿವರ ತೆರೆದು ಓದಿ ನೋಡಿ, ಒಂದೇ ರಾಗ ಬೇರೆ ಬೇರೆ ತಾಳದಲ್ಲಿ ಕೇಳುತ್ತದೆ. ಫೋನಿನಲ್ಲಿ ಓಡುವ ಟೆನ್ಸರ್‌ಫ್ಲೋ ಲೈಟ್‌ನಲ್ಲಿ ಚಿತ್ರದ ಮೇಲೆ ಎಷ್ಟೆಷ್ಟು ಹೆಜ್ಜೆ ಸರಿಯಬೇಕೆಂದು ಹೇಳುವ ಒಂದು ಸಂಖ್ಯೆ ಇದೆ. ಅದು ಸೊನ್ನೆಯಾಗಿ ಬಂದರೆ? ಯಾರೂ ಕೇಳಿರಲಿಲ್ಲ. ಸೊನ್ನೆಯಿಂದ ಭಾಗಿಸಲು ಹೋಗಿ ಇಡೀ ಪ್ರೋಗ್ರಾಂ ಕುಸಿಯುತ್ತಿತ್ತು. ಪಟ್ಟಿ ಖಾಲಿಯಾಗಿ ಬಂದರೆ? ಕ್ರಮಸಂಖ್ಯೆ ಋಣವಾಗಿ ಬಂದರೆ? ಎರಡು ಪಟ್ಟಿಗಳ ಉದ್ದ ತಾಳೆಯಾಗದಿದ್ದರೆ? ಎಷ್ಟೋ ದೋಷಗಳಿಗೆ ಕೊನೆಗೆ ಸಿಕ್ಕ ಪರಿಹಾರ ಒಂದೆರಡು ಸಾಲಿನದು: ಲೆಕ್ಕಕ್ಕೆ ಇಳಿಯುವ ಮೊದಲು ‘ಇದು ಹೀಗಿರಲೇಬೇಕು, ಇಲ್ಲದಿದ್ದರೆ ಇಲ್ಲೇ ನಿಲ್ಲು’ ಎನ್ನುವ ಸಾಲು. ಅಷ್ಟು ದೊಡ್ಡ ಕಂಪನಿ, ಅಷ್ಟು ಜಾಣರು. ಆದರೂ ಕತ್ತಿ ಅದ್ದಿ ನೋಡುವ ಆ ಒಂದು ಸಾಲು ಬಿಟ್ಟುಹೋಗಿತ್ತು.

ಓದಿದ್ದನ್ನು ನಂಬಿದರೆ ಸಾಲದು, ಕೈಯಾರೆ ಮಾಡಿ ನೋಡಬೇಕು. ಹೋದ ಮಳೆಗಾಲದಲ್ಲಿ ಅಕ್ಕನ ಮಗನೊಂದಿಗೆ ಕೂತು ಮಾಡಿದ್ದನ್ನು ಹೇಳುತ್ತೇನೆ. ಹುಡುಗ ಬಿಸಿಎ ಓದುತ್ತಿದ್ದಾನೆ. ಊರಿನ ಹೆಸರು ತೆಗೆದುಕೊಂಡು ಅಲ್ಲಿನ ಮಳೆ ಲೆಕ್ಕ ಹೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದುಕೊಂಡು ಬಂದಿದ್ದ. ಹೆಸರಿಡಲು ಇಪ್ಪತ್ತು ಬೈಟ್ ಜಾಗ ಕೊಟ್ಟಿದ್ದ. ‘ಯಾವ ಊರಿಗೆ ಇಪ್ಪತ್ತಕ್ಕಿಂತ ಜಾಸ್ತಿ ಅಕ್ಷರ ಇರ್ತದೆ ಮಾವ?’ ಎಂದು ಅವನ ತರ್ಕ. ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ಲವೇ?

‘ಸಾಗರ ಬರ್ತದೆ, ಹೊಸನಗರ ಬರ್ತದೆ. ತೀರ್ಥಹಳ್ಳಿ ಕೊಟ್ರೆ ಸತ್ತೇ ಹೋಗ್ತದೆ.’

ಹೌದು, ಪರದೆಯ ಮೇಲೆ ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಎಂದು ಬರೆದು ಪ್ರೋಗ್ರಾಂ ಪ್ರಾಣ ಬಿಟ್ಟಿತ್ತು.

ಅಟ್ಟದ ಮೇಲಿದ್ದ ಚನ್ನೆಮಣೆ ಇಳಿಸಿದೆ. ಒಂದೊಂದು ಗುಳಿ ಒಂದೊಂದು ಬೈಟ್ ಎಂದಿಟ್ಟುಕೋ ಎಂದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಗುಳಿ ಸಾಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಗುಳಿ ಬೇಕು. ಗುರುತು ಎಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರವೂ ಅಲ್ಲ. ‘ಸಾ’ ಎಂದರೆ ಸ ಒಂದು, ದೀರ್ಘ ಒಂದು, ಎರಡು ಗುರುತು. ಹೀಗೆ ಬಿಡಿಸಿದರೆ ಸಾಗರ ನಮ್ಮ ಬಾಯಿಗೆ ಮೂರಕ್ಷರ, ಕಂಪ್ಯೂಟರಿಗೆ ನಾಲ್ಕು ಗುರುತು, ಹನ್ನೆರಡು ಗುಳಿ. ಹೊಸನಗರ ಬಾಯಿಗೆ ಐದಕ್ಷರ, ಆರು ಗುರುತು, ಹದಿನೆಂಟು ಗುಳಿ. ತೀರ್ಥಹಳ್ಳಿ? ಬಾಯಿಗೆ ಬರೀ ನಾಲ್ಕಕ್ಷರ, ಹೊಸನಗರಕ್ಕಿಂತ ಒಂದು ಕಡಿಮೆ. ಆದರೆ ದೀರ್ಘ, ಅರ್ಕಾವೊತ್ತು, ಳಕ್ಕೆ ಳದ ಒತ್ತು, ಗುಡಿಸು ಎಲ್ಲ ಬಿಡಿಸಿದರೆ ಹತ್ತು ಗುರುತು, ಮೂವತ್ತು ಗುಳಿ. ಹೆಸರು ಮುಗಿಯಿತು ಎಂದು ಹೇಳಲು ಕೊನೆಗೆ ಇನ್ನೊಂದು. ಇಪ್ಪತ್ತು ಗುಳಿಯ ಮಣೆಗೆ ಮೂವತ್ತೊಂದು ಕಾಳು ಸುರಿದರೆ ಹನ್ನೊಂದು ಕಾಳು ಪಕ್ಕದ ಮಣೆಯ ಆಟ ಕೆಡಿಸುತ್ತವೆ. ಪಕ್ಕದ್ದು ಏನಾಗಿತ್ತು ಎಂಬುದರ ಮೇಲೆ ಅನಾಹುತ ನಿಂತಿದೆ. ಕೇಡು ಬಗೆಯುವವನು ಆ ಹನ್ನೊಂದು ಕಾಳುಗಳನ್ನು ಲೆಕ್ಕ ಹಾಕಿ ತನಗೆ ಬೇಕಾದ ಹಾಗೆ ಬೀಳಿಸುತ್ತಾನೆ. ಬಫರ್ ಓವರ್‌ಫ್ಲೋ ಎಂದು ಪುಸ್ತಕದಲ್ಲಿ ಓದುತ್ತೀರಲ್ಲ, ಇದೇ ಅದು.

ಅಷ್ಟಕ್ಕೇ ಮುಗಿಯಲಿಲ್ಲ. ‘ಹೊಸನಗರ ಸರಿಯಾಗಿ ಬರ್ತದಲ್ಲ’ ಎಂದು ಹುಡುಗ ಸಮಾಧಾನ ಪಟ್ಟುಕೊಳ್ಳುತ್ತಿದ್ದ. ಅವನಿಗೆ ಇನ್ನೊಂದು ಹೊಸನಗರ ಕೊಟ್ಟೆ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಗುರುತಾಗಿ, ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನು ಕೂಡಿಸಿ. ಮ್ಯಾಕ್ ಕಂಪ್ಯೂಟರಿನ ಹಳೆಯ ಕಡತವ್ಯವಸ್ಥೆ ಕಡತದ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಬಿಡಿಸಿದ ಹೊಸನಗರಕ್ಕೆ ಏಳು ಗುರುತು, ಇಪ್ಪತ್ತೊಂದು ಗುಳಿ, ಕೊನೆಯದು ಸೇರಿ ಇಪ್ಪತ್ತೆರಡು. ಎರಡು ಕಾಳು ಹೊರಗೆ ಬಿತ್ತು. ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಓಡಿತು! ಸತ್ತರೆ ಗೊತ್ತಾಗುತ್ತದೆ, ಇದು ಸಾಯಲಿಲ್ಲ. ಅಡ್ರೆಸ್ ಸ್ಯಾನಿಟೈಸರ್ ಎಂಬ ಪರೀಕ್ಷಾ ಸಲಕರಣೆ ಹಚ್ಚಿ ಮತ್ತೆ ಓಡಿಸಿದಾಗ ಮಾತ್ರ ಅದು ಕಿರುಚಿಕೊಂಡು ತಪ್ಪಾದ ಸಾಲನ್ನು ತೋರಿಸಿತು. ಹುಡುಗನ ಮುಖ ನೋಡಬೇಕಿತ್ತು ನೀವು. ಅಡಿಕೆ ಮೇಲೆ ಚೆನ್ನಾಗಿದ್ದು ಒಡೆದಾಗ ಒಳಗೆ ಹುಳುಕು ಕಂಡವನ ಮುಖ.

‘ಹಾಗಿದ್ರೆ ಇಪ್ಪತ್ತಕ್ಕೆ ಕತ್ತರಿಸಿಬಿಡ್ತೇನೆ’ ಎಂದ. ಕತ್ತರಿಸಿದ. ಕೊನೆಯ ಗುಳಿ ಬಿಟ್ಟು ಹತ್ತೊಂಬತ್ತರಲ್ಲಿ ಉಳಿದದ್ದು ‘ತೀರ್ಥಹ’, ಅದರ ಬಾಲಕ್ಕೆ ಳಕಾರದ ಮೂರನೆಯ ಒಂದು ಪಾಲು, ಯಾವ ಭಾಷೆಗೂ ಸೇರದ ಚೂರು. ಮುಂದೆ ಅದನ್ನು ಓದಲು ಹೋದ ಪೈಥಾನ್ ‘ಇದು ಪಠ್ಯವೇ ಅಲ್ಲ’ ಎಂದು ಎಸೆಯಿತು. ಕಾವಲು ಇಡುವುದೂ ವಿವೇಕ ಬೇಕಾದ ಕೆಲಸ ಎಂದು ಅವನಿಗೆ ಅವತ್ತು ಗೊತ್ತಾಯಿತು. ನಿಜ ಹೇಳಬೇಕೆಂದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹೀಗೇ ಹೆಸರುಗಳನ್ನು ಕತ್ತರಿಸಿದ್ದೇನೆ. ಅಂಥ ಒಂದು ಪಟ್ಟಿಯಲ್ಲಿ ಅರ್ಧ ಹೆಸರಿನ ಮನುಷ್ಯರನ್ನು ಕಂಡಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಬಾಗಿಲಲ್ಲಿ ನಿಂತು ‘ಇದು ಸರಿ, ಇದು ತಪ್ಪು’ ಎನ್ನಬೇಕಾದರೆ ಯಾವುದು ಸರಿ ಎಂದು ಗೊತ್ತಿರಬೇಕು. ಅದು ಗೊತ್ತಿರುವುದು ಯಾರಿಗೆ? ಒಂದು ದಿನಕ್ಕೆ ಮುನ್ನೂರು ಮಿಲಿಮೀಟರ್ ಮಳೆ ಎಂದು ಯಂತ್ರ ಬರೆದುಕೊಂಡರೆ, ಬಯಲುಸೀಮೆಯ ಎಂಜಿನಿಯರ್ ‘ಸೆನ್ಸರ್ ಕೆಟ್ಟಿದೆ’ ಎಂದು ಅಳಿಸಿಯಾನು. ಆಗುಂಬೆಯ, ಹುಲಿಕಲ್ಲಿನ ಮಗುವಿಗೆ ಗೊತ್ತು, ಅದು ಆಗುತ್ತದೆ. ಮಳೆಮಾಪಕ ಕೈಕೊಟ್ಟ ದಿನ ಕಡತದಲ್ಲಿ ‘-999’ ಎಂದು ಬರೆದಿಡುವ ರೂಢಿ ಎಷ್ಟೋ ಕಡೆ ಇದೆ. ಅದನ್ನು ಯಾರೂ ತಡೆಯದೆ ಮಶೀನ್ ಲರ್ನಿಂಗ್ ಮಾದರಿಗೆ ಉಣಿಸಿದರೆ ಒಂದು ದಿನದ ತಪ್ಪು ತಿಂಗಳ ಸರಾಸರಿಯನ್ನೇ ನುಂಗುತ್ತದೆ. ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಈ ಮಳೆಮಾಪಕಗಳ ಅಂಕಿಯ ಮೇಲೆಯೇ ಎಂದು ನಿಮ್ಮ ಅಪ್ಪನನ್ನು ಕೇಳಿದರೆ ಹೇಳುತ್ತಾರೆ. ನಿಜವಾದ ಮಳೆಯನ್ನು ಸುಳ್ಳೆಂದು ಎಸೆಯುವ ಕಾವಲುಗಾರನೂ ಬೇಡ, -999ನ್ನು ಮಳೆಯೆಂದು ಒಳಬಿಡುವವನೂ ಬೇಡ. ಮೊದಲನೆಯದಕ್ಕೆ ಒಂದು ಉದಾಹರಣೆ: 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಜೋನ್ ತೆಳುವಾಗಿರುವುದನ್ನು ನೆಲದ ಮೇಲಿನ ಹಳೆಯ ಉಪಕರಣದಿಂದಲೇ ಹಿಡಿದು ಹೇಳಿದರು. ನಾಸಾದ ಉಪಗ್ರಹವೂ ಆ ಅಂಕಿಗಳನ್ನು ದಾಖಲಿಸಿತ್ತು. ಇಷ್ಟು ಕಡಿಮೆ ಇರಲಾರದೆಂದು ತಂತ್ರಾಂಶ ಅವನ್ನು ‘ಅನುಮಾನಾಸ್ಪದ’ ಎಂದು ಗುರುತು ಹಾಕಿ ಪಕ್ಕಕ್ಕಿಟ್ಟಿತ್ತು.

ಭಾಷೆಯ ವಿಷಯಕ್ಕೆ ಬಂದರೆ ಇದು ಇನ್ನೂ ಹತ್ತಿರದ ಮಾತು. ರಿಪ್ಪನ್‌ಪೇಟೆ ಎಂದು ಟೈಪ್ ಮಾಡಿ. ನಕಾರದ ಅರ್ಧಾಕ್ಷರಕ್ಕೂ ಪಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ, ‘ಇಲ್ಲಿ ಒತ್ತಕ್ಷರ ಮಾಡಬೇಡ’ ಎಂದು ಹೇಳಲು. ಯೂನಿಕೋಡ್‌ನಲ್ಲಿ ಅದರ ಮನೆ ಕನ್ನಡದ ಕೇರಿಯಲ್ಲಿಲ್ಲ, ಬೇರೆಲ್ಲೋ ಇದೆ. ‘ಕನ್ನಡ ಅಕ್ಷರಗಳನ್ನು ಮಾತ್ರ ಒಳಗೆ ಬಿಡು’ ಎಂದು ಕನ್ನಡ ಬಾರದ ಜಾಣನೊಬ್ಬ ಬರೆದ ಕಾವಲು ಇಡೀ ರಿಪ್ಪನ್‌ಪೇಟೆಯನ್ನು ಹೊರಗೆ ನಿಲ್ಲಿಸುತ್ತದೆ. ಇದೇ ಅದೃಶ್ಯ ಗುರುತನ್ನು ಒಳಗೊಂಡ ತೆಲುಗಿನ ‘ಜ್ಞಾ’ ಒಂದು ಸಂದೇಶವಾಗಿ ಬಂದರೆ ಸಾಕು, 2018ರ ಫೆಬ್ರವರಿಯಲ್ಲಿ ಐಫೋನಿನ ಆ್ಯಪ್‌ಗಳು ಮಕಾಡೆ ಮಲಗುತ್ತಿದ್ದವು. ಆ್ಯಪಲ್ ತರಾತುರಿಯಲ್ಲಿ ತಿದ್ದುಪಡಿ ಹೊರಡಿಸಬೇಕಾಯಿತು. ಪಕ್ಕದ ಮನೆಯ ಒಂದಕ್ಷರ! ಅದನ್ನು ಪರೀಕ್ಷಿಸುವ ಜಾಗದಲ್ಲಿ ತೆಲುಗು ಬಲ್ಲ ಒಬ್ಬರು ಕೂತಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಇನ್ನು ತೀರ್ಥಹಳ್ಳಿಯ ಪಿನ್‌ಕೋಡನ್ನು ಕನ್ನಡ ಅಂಕಿಯಲ್ಲಿ ೫೭೭೪೩೨ ಎಂದು ಕೊಡಿ. ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ, ಪೈಥಾನ್ ಸಲೀಸಾಗಿ ಸಂಖ್ಯೆಯೆಂದೇ ಓದುತ್ತದೆ. ಮುಂಬಾಗಿಲಲ್ಲಿ ಒಬ್ಬ, ಹಿತ್ತಿಲಲ್ಲಿ ಇನ್ನೊಬ್ಬ ಕಾವಲಿಗೆ ನಿಂತಿದ್ದಾರೆ, ಇಬ್ಬರ ನಿಯಮ ಬೇರೆ ಬೇರೆ. ದಾಳಿಕೋರರು ಹುಡುಕುವುದು ಇಂಥ ಸಂದುಗಳನ್ನೇ. ಕನ್ನಡವನ್ನು ಉಂಡು ಬೆಳೆದ ನಿಮಗೆ ಈ ಸಂದುಗಳು ಕಾಣುತ್ತವೆ, ಬೇರೆಯವರಿಗೆ ಕಾಣುವುದಿಲ್ಲ. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ಓಡಾಡಿದ್ದು ಕನ್ನಡ ಟೈಪ್ ಮಾಡಲು ಬಂದರೆ ಸಾಕು ಎಂದಿರಲಾರದು.

ಮಾದರಿಯ ಕಡತಗಳ ಕಥೆ ಬೇರೆಯೇ ಒಂದು ಅಧ್ಯಾಯ. ಪೈಥಾನಿನಲ್ಲಿ ಪಿಕಲ್ ಎಂಬ ಕಟ್ಟಿಡುವ ವಿಧಾನವಿದೆ. ಅದರ ಗಂಟು ಬಿಚ್ಚುವಾಗ ಒಳಗೆ ಬರೆದಿಟ್ಟ ಆಜ್ಞೆಗಳೂ ನಡೆದುಬಿಡುತ್ತವೆ. ಯಾರೋ ಕೊಟ್ಟ ಮಾದರಿ ಎಂದು ನೀವು ತೆರೆದರೆ ನಿಮ್ಮ ಕಂಪ್ಯೂಟರಿನ ಕೀಲಿಕೈ ಅವರ ಕೈ ಸೇರಬಹುದು. ನಂಪೈ ಎಂಬ ಲೈಬ್ರರಿ 2019ರಲ್ಲಿ ಅಂಥ ಗಂಟುಗಳನ್ನು ಕೇಳದೆ ಬಿಚ್ಚುವುದನ್ನು ನಿಲ್ಲಿಸಿತು. 2024ರಲ್ಲಿ ಜೆಫ್ರಾಗ್ ಸಂಸ್ಥೆಯವರು ಹಗ್ಗಿಂಗ್ ಫೇಸ್ ತಾಣದಲ್ಲಿ ಸುಮಾರು ನೂರು ಕೇಡಿನ ಮಾದರಿಗಳನ್ನು ಪತ್ತೆ ಹಚ್ಚಿದರು. ಪೈಟಾರ್ಚ್ 2025ರ ಜನವರಿಯ 2.6ನೇ ಆವೃತ್ತಿಯಲ್ಲಿ ‘ತೂಕಗಳನ್ನು ಮಾತ್ರ ಓದು’ ಎಂಬ ಎಚ್ಚರದ ದಾರಿಯನ್ನೇ ಮೂಲ ನಿಯಮ ಮಾಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ತಿಳಿದದ್ದೇನೆಂದರೆ, ಹಿಂದಿನ ಆವೃತ್ತಿಗಳಲ್ಲಿ ಆ ಎಚ್ಚರದ ದಾರಿಯಲ್ಲೂ ತೂತಿತ್ತು! ಸುರಕ್ಷಿತ ಎಂದು ಬರೆದ ಬಾಗಿಲನ್ನೇ ಒಬ್ಬರು ತಟ್ಟಿ ನೋಡಿದ್ದರಿಂದ ಅದು ಗೊತ್ತಾಯಿತು.

ಹಾಗೆ ತಟ್ಟಿ ನೋಡುವವರಾಗಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ. ಲೈಬ್ರರಿ ಬಳಸಿ ಪ್ರಾಜೆಕ್ಟ್ ಒಪ್ಪಿಸಿ ಅಂಕ ತೆಗೆದುಕೊಳ್ಳುವುದು ಸುಲಭ, ಅಲ್ಲಿಗೆ ನಿಲ್ಲಬೇಡಿ. ಟೆನ್ಸರ್‌ಫ್ಲೋದ ಭದ್ರತಾ ಪ್ರಕಟಣೆಗಳು ಎಲ್ಲರಿಗೂ ತೆರೆದಿವೆ. ಈಗಾಗಲೇ ಸರಿಪಡಿಸಿದ ಒಂದು ದೋಷ ಆರಿಸಿಕೊಳ್ಳಿ. ಸರಿಪಡಿಸುವ ಮುಂಚಿನ ಆವೃತ್ತಿಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿ, ಪ್ರಕಟಣೆಯಲ್ಲಿರುವ ನಾಲ್ಕು ಸಾಲು ಓಡಿಸಿ, ಅದು ಬೀಳುವುದನ್ನು ಕಣ್ಣಾರೆ ನೋಡಿ. ಆಮೇಲೆ ತಿದ್ದುಪಡಿಯನ್ನು ತೆರೆದು, ಯಾವ ಸಾಲು ಸೇರಿತು, ಅದೇ ಸಾಲು ಅಲ್ಲೇ ಏಕೆ ಎಂದು ಅರ್ಥವಾಗುವವರೆಗೆ ಏಳಬೇಡಿ. ಇಂಥ ಹತ್ತು ಮುಗಿಸುವಷ್ಟರಲ್ಲಿ ನಿಮ್ಮ ಕಣ್ಣು ಬದಲಾಗಿರುತ್ತದೆ. ಯಾವ ಕೋಡ್ ಓದಿದರೂ ‘ಇದು ಸೊನ್ನೆಯಾದರೆ? ಖಾಲಿಯಾದರೆ? ಋಣವಾದರೆ?’ ಎಂದು ಮನಸ್ಸು ತಾನಾಗಿ ಕೇಳತೊಡಗುತ್ತದೆ. ಸಿ ಭಾಷೆ ಹಳೆಯದೆಂದು ಕಡೆಗಣಿಸಬೇಡಿ, ಗುಳಿಗಳ ಲೆಕ್ಕ ಕಲಿಸುವುದು ಅದೇ.

ಆಮೇಲೆ ಫಝರ್ ಎಂಬ ಸಲಕರಣೆಗಳ ಕಡೆ ಬನ್ನಿ. ಸಾವಿರಾರು ಅಡ್ಡಾದಿಡ್ಡಿ ಇನ್‌ಪುಟ್‌ಗಳನ್ನು ತಾನೇ ಹುಟ್ಟಿಸಿ ಪ್ರೋಗ್ರಾಮಿನ ಮೇಲೆ ಎಸೆದು ಎಲ್ಲಿ ಬೀಳುತ್ತದೆಂದು ಕಾಯುವ ಕೆಲಸ ಅದರದ್ದು. ಪೈಥಾನಿಗಾಗಿ ಗೂಗಲ್ 2020ರಲ್ಲಿ ಹೊರತಂದ ಅಥೆರಿಸ್ ಉಚಿತವಾಗಿ ಸಿಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡವೊಂದು ಐವಿಸಿನ್ ಎಂಬ ಇಂಥದೇ ಸಲಕರಣೆ ಕಟ್ಟಿ ಟೆನ್ಸರ್‌ಫ್ಲೋ ಮತ್ತು ಪೈಟಾರ್ಚ್‌ನಲ್ಲಿ 61 ಹೊಸ ದೋಷ ಹಿಡಿಯಿತು. 39ಕ್ಕೆ ಸಿವಿಇ ಸಂಖ್ಯೆ ಸಿಕ್ಕಿತು. ಆ ಲೈಬ್ರರಿಗಳ ಕೋಡ್ ಅವರಿಗೆ ತೆರೆದಿರುವಷ್ಟೇ ನಿಮಗೂ ತೆರೆದಿದೆ.

ನೆಟ್‌ವರ್ಕ್ ಇಲ್ಲ ಎನ್ನುತ್ತೀರಿ. ಸುಳ್ಳಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದ್ದು ಕೂತವರು ನೀವೇ. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂದು ಹಳ್ಳಿಗಳೇ ಎದ್ದು ನಿಂತದ್ದು ನಮ್ಮ ತಾಲ್ಲೂಕುಗಳಲ್ಲೇ. ಆ ಹಕ್ಕನ್ನು ಕೇಳುತ್ತಲೇ ಇರಿ. ಆದರೆ ಈ ಕೆಲಸಕ್ಕೆ ದಿನವಿಡೀ ನೆಟ್ ಬೇಡ. ಕಾಲೇಜಿನಲ್ಲೋ ಪೇಟೆಯಲ್ಲೋ ಒಮ್ಮೆ ಇಳಿಸಿಕೊಂಡ ಕೋಡ್ ಸಾಕು, ಫಝರ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಕೋಡನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ. ನನ್ನ ಕೆಲವು ಒಳ್ಳೆಯ ಪತ್ತೆಗಳು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಆದವು.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಿಮ್ಮದೇ ಯಂತ್ರದಲ್ಲಿ, ತೆರೆದ ಕೋಡಿನ ಮೇಲೆ ಏನು ಬೇಕಾದರೂ ಪರೀಕ್ಷಿಸಿ. ಬ್ಯಾಂಕಿನದೋ ಸೊಸೈಟಿಯದೋ ಸರ್ಕಾರದ್ದೋ ತಾಣವನ್ನು ಅನುಮತಿಯಿಲ್ಲದೆ ಮುಟ್ಟಬೇಡಿ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅದು ಅಪರಾಧ. ನಮ್ಮ ದೃಷ್ಟಿಯಲ್ಲಿ ಅದು ಬೇಲಿ ಹಾರಿ ಪಕ್ಕದ ತೋಟಕ್ಕೆ ಇಳಿದಂತೆ. ದೋಷ ಸಿಕ್ಕರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಆ ಯೋಜನೆಯ ಭದ್ರತಾ ವಿಳಾಸಕ್ಕೆ ಗುಟ್ಟಾಗಿ ಬರೆಯಿರಿ, ಸರಿಪಡಿಸಲು ಸಮಯ ಕೊಡಿ. ಎಲ್ಲಿಗೆ ಬರೆಯಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಇದೆ. 2021ರಿಂದ ಸಿವಿಇ ಸಂಖ್ಯೆ ಕೊಡುವ ಅಧಿಕಾರವೂ ಅದಕ್ಕಿದೆ. ಮೊದಲ ಪತ್ರಕ್ಕೆ ಉತ್ತರ ಬಾರದೆ ಇರಬಹುದು. ಎರಡನೆಯದನ್ನು ಇನ್ನೂ ಸ್ಪಷ್ಟವಾಗಿ ಬರೆಯಿರಿ: ಯಾವ ಆವೃತ್ತಿ, ಯಾವ ಇನ್‌ಪುಟ್, ಏನಾಯಿತು, ಏನಾಗಬೇಕಿತ್ತು.

ಅಕ್ಕನ ಮಗ ಈಗ ಇಪ್ಪತ್ತು ಗುಳಿಯ ಪ್ರೋಗ್ರಾಂ ಬಿಟ್ಟಿದ್ದಾನೆ. ಜಾಗ ಎಷ್ಟು ಬೇಕೆಂದು ಮೊದಲು ಅಳೆಯುತ್ತಾನೆ, ಬಿಡಿಸಿದ ಸ್ವರಗಳನ್ನು ಕೂಡಿಸುತ್ತಾನೆ, ತಾಳೆಯಾಗದಿದ್ದರೆ ಕತ್ತರಿಸದೆ ‘ಈ ಹೆಸರು ತೆಗೆದುಕೊಳ್ಳಲಾರೆ’ ಎಂದು ಹೇಳಿ ನಿಲ್ಲಿಸುತ್ತಾನೆ. ಪರೀಕ್ಷೆಗೆಂದು ಒಂದು ಕಡತ ಮಾಡಿಕೊಂಡಿದ್ದಾನೆ, ಹೆಸರು ‘ಊರುಗಳು’. ಹೆಗ್ಗೋಡು, ಆನಂದಪುರ, ತಾಳಗುಪ್ಪ, ಹುಂಚ, ನಗರ, ಕೋಣಂದೂರು, ಮೇಗರವಳ್ಳಿ, ರಿಪ್ಪನ್‌ಪೇಟೆ. ಬಿಡಿಸಲು ಬರುವ ಸ್ವರವಿರುವ ಹೆಸರುಗಳು ಕೂಡಿಸಿದ್ದು ಒಮ್ಮೆ, ಬಿಡಿಸಿದ್ದು ಒಮ್ಮೆ. ಸಿಕ್ಕ ಪ್ರತಿ ಕನ್ನಡ ಲೈಬ್ರರಿಗೂ ರಾತ್ರಿ ಈ ಪಟ್ಟಿಯನ್ನು ಉಣಿಸಿ ಮಲಗುತ್ತಾನೆ. ಹೋದ ವಾರ ಫೋನ್ ಮಾಡಿ, ‘ಮಾವ, ಒಂದು ಲೈಬ್ರರಿ ರಿಪ್ಪನ್‌ಪೇಟೆಗೆ ಬಿತ್ತು’ ಎಂದ. ಆ ಅದೃಶ್ಯ ಗುರುತಿನ ಹತ್ತಿರವೇ. ಪತ್ರ ಬರೆಯುತ್ತಿದ್ದಾನೆ. ನಿಮ್ಮ ಊರಿನ ಹೆಸರು ಅವನ ಪಟ್ಟಿಯಲ್ಲಿ ಇನ್ನೂ ಇಲ್ಲದಿರಬಹುದು. ನೀವೇ ಬರೆದುಕೊಂಡು, ಇವತ್ತು ರಾತ್ರಿಯೇ ಓಡಿಸಿ ನೋಡಿ.